ಅನ್ವಿಲ್ ಸಾಕ್ಷ್ಯಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದಲ್ಲಿ ಹೆಸರು ಮಾಡಬೇಕೆಂದು ಮೂವತ್ತು ವರ್ಷ ಹೆಣಗಿದ ಕೆನಡಾದ ಇಬ್ಬರು ಗೆಳೆಯರ ಕಥೆ ‘ಅನ್ವಿಲ್! ದ ಸ್ಟೋರಿ ಆಫ್ ಅನ್ವಿಲ್’. ಈ ಸಾಕ್ಷ್ಯಚಿತ್ರವನ್ನು ನೋಡಿದವರೂ ನೋಡಬೇಕೆಂದಿರುವವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ನನಗೆ ಸರಿಯೆನಿಸಿದ ಉತ್ತರಗಳನ್ನು ಬರೆದಿದ್ದೇನೆ. ಚಿತ್ರದ ಕೊನೆಯ ಬಗ್ಗೆಯೂ ಒಂದು ಪ್ರಶ್ನೆ ಇದೆ. ನೋಡದೆ ಇರುವವರು ಅದೊಂದನ್ನು ದಾಟಿ ಮುಂದೆ ಹೋಗಬಹುದು.

## ಇದು ಯಾರ ಚಿತ್ರ, ಯಾವಾಗ ಬಂದಿತು?

ನಿರ್ದೇಶಕರು ಇಂಗ್ಲೆಂಡಿನ ಸಾಶಾ ಗೆರ್ವಾಸಿ. ಇದಕ್ಕೂ ಮೊದಲು ಅವರು ಚಿತ್ರಕಥೆಗಾರರೆಂದು ಪರಿಚಿತರಾಗಿದ್ದರು. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಂಡ ಪ್ರಯಾಣಿಕನೊಬ್ಬನ ಕಥೆಯುಳ್ಳ ‘ದ ಟರ್ಮಿನಲ್’ (2004) ಚಿತ್ರದ ಬರವಣಿಗೆಯಲ್ಲಿ ಅವರ ಪಾಲಿದೆ. ಅನ್ವಿಲ್ ಚಿತ್ರವು 2008ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, 2009ರಲ್ಲಿ ಬ್ರಿಟನ್ ಹಾಗೂ ಅಮೆರಿಕದ ಚಿತ್ರಮಂದಿರಗಳಿಗೆ ಬಂದಿತು. ಸುಮಾರು ಎಂಬತ್ತು ನಿಮಿಷಗಳ ಚಿತ್ರ. ಒಂದೇ ಸಲ ಕೂತು ನೋಡಿ ಮುಗಿಸಬಹುದು.

## ಅನ್ವಿಲ್ ನಿಜವಾದ ಬ್ಯಾಂಡೇ? ಇಡೀ ಚಿತ್ರವೇ ಒಂದು ಅಣಕು ಎನಿಸಿತಲ್ಲ!

ನಿಜವಾದ ಬ್ಯಾಂಡ್, ಇಂದಿಗೂ ಹಾಡುತ್ತಿರುವ ಬ್ಯಾಂಡ್. ಆದರೆ ನಿಮ್ಮ ಸಂಶಯಕ್ಕೆ ಕಾರಣವಿದೆ. 1984ರಲ್ಲಿ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಅಣಕು ಸಾಕ್ಷ್ಯಚಿತ್ರ ಬಂದಿತ್ತು. ಇಲ್ಲದ ಒಂದು ರಾಕ್ ಬ್ಯಾಂಡನ್ನು ಇದೆಯೆಂದೇ ತೋರಿಸಿ, ಆ ಲೋಕದ ಬಡಾಯಿಯನ್ನೂ ಪೆದ್ದುತನವನ್ನೂ ಲೇವಡಿ ಮಾಡಿದ ಆ ಚಿತ್ರವನ್ನು ನಿರ್ದೇಶಿಸಿದವರು ರಾಬ್ ರೈನರ್. ಅನ್ವಿಲ್ ಬ್ಯಾಂಡಿನ ಡ್ರಮ್ಮರ್ ಹೆಸರೂ ರಾಬ್ ರೈನರ್! ಇಂಗ್ಲಿಷಿನಲ್ಲಿ ಬರೆಯುವಾಗ ಡ್ರಮ್ಮರ್ ಹೆಸರಿಗೆ ಒಂದು ಅಕ್ಷರ ಹೆಚ್ಚಿಗೆ ಬರುತ್ತದೆಂಬುದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ, ಇಬ್ಬರಿಗೂ ಯಾವ ನಂಟೂ ಇಲ್ಲ. ಅಣಕು ಚಿತ್ರದಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಬೃಹತ್ ಶಿಲೆಗಳನ್ನು ಕುರಿತ ಒಂದು ಹೆಸರಾಂತ ನಗೆಪ್ರಸಂಗವಿದೆ. ಅನ್ವಿಲ್‌ನವರು ಆ ಶಿಲೆಗಳನ್ನು ನಿಜಕ್ಕೂ ನೋಡಲು ಹೋಗುತ್ತಾರೆ.

ಈ ಹೋಲಿಕೆಗಳನ್ನು ಗೆರ್ವಾಸಿ ಮರೆಮಾಡುವುದಿಲ್ಲ, ಬದಲಾಗಿ ಬೇಕೆಂದೇ ಮುಂದಿಡುತ್ತಾರೆ. ಮೊದಲ ಅರ್ಧ ಗಂಟೆ ಪ್ರೇಕ್ಷಕ ಮನಸಾರೆ ನಗುತ್ತಾನೆ. ಆಮೇಲೆ, ಬಣ್ಣದ ವೇಷ ಹಾಕಿದ ಈ ಐವತ್ತರ ಮನುಷ್ಯನಿಗೆ ಮನೆಯಿದೆ, ಹೆಂಡತಿಯಿದ್ದಾಳೆ, ತೀರಿಸಬೇಕಾದ ಸಾಲವಿದೆ ಎಂಬುದು ಒಂದೊಂದಾಗಿ ಕಾಣುತ್ತ ಹೋದಂತೆ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ನಗಿಸಿದ ತಪ್ಪನ್ನು ನಿರ್ದೇಶಕರು ನಮ್ಮ ತಲೆಗೇ ಕಟ್ಟುತ್ತಾರೆ ಎಂದು ಒಮ್ಮೊಮ್ಮೆ ನನಗೆ ಅನಿಸಿದ್ದುಂಟು.

## ಹೆವಿ ಮೆಟಲ್ ಗಂಧವೇ ಇಲ್ಲದವರಿಗೆ ಇದು ಅರ್ಥವಾದೀತೆ?

ಖಂಡಿತ. ಚಿತ್ರದಲ್ಲಿ ಯಾವ ಹಾಡೂ ಪೂರ್ತಿಯಾಗಿ ಕೇಳಿಸುವುದಿಲ್ಲ. ಇಷ್ಟು ತಿಳಿದರೆ ಸಾಕು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬಾತ್ ಬ್ಯಾಂಡ್ 1970ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನಿಂದ ಈ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ಎಣಿಸುತ್ತಾರೆ, ಎಂಬತ್ತರ ದಶಕದ ಆರಂಭದಲ್ಲಿ ಅದರ ವೇಗ ಹೆಚ್ಚಿ, ‘ಥ್ರಾಶ್’ ಎಂಬ ಹೊಸ ಕವಲು ಹುಟ್ಟಿತು, ಆ ವೇಗವನ್ನು ಮೊದಮೊದಲು ತೋರಿಸಿಕೊಟ್ಟವರಲ್ಲಿ ಅನ್ವಿಲ್ ಕೂಡ ಸೇರಿದೆ. ಅನ್ವಿಲ್ ಎಂದರೆ ಕಮ್ಮಾರನ ಅಡೆಗಲ್ಲು. ಸುತ್ತಿಗೆಯ ಪೆಟ್ಟನ್ನೆಲ್ಲ ತಾನು ತಿಂದು, ಆಯುಧದ ಕೀರ್ತಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ವಸ್ತುವಿನ ಹೆಸರನ್ನು ಅವರು 1981ರ ಹೊತ್ತಿನಲ್ಲಿ ಆರಿಸಿಕೊಳ್ಳುವಾಗ ಇಷ್ಟೆಲ್ಲ ಯೋಚಿಸಿರಲಾರರು.

## ಲಿಪ್ಸ್ ಮತ್ತು ರಾಬ್ ಯಾರು?

ಹಾಡುಗಾರ ಹಾಗೂ ಗಿಟಾರ್ ವಾದಕ ಸ್ಟೀವ್ ಕಡ್ಲೋ ಅವರನ್ನು ಎಲ್ಲರೂ ‘ಲಿಪ್ಸ್’ ಎಂದೇ ಕರೆಯುತ್ತಾರೆ. ಡ್ರಮ್ಮರ್ ರಾಬ್ ರೈನರ್. ಇಬ್ಬರೂ ಟೊರಾಂಟೋದ ಯಹೂದಿ ಕುಟುಂಬಗಳವರು. ಎಳೆಯ ವಯಸ್ಸಿನಲ್ಲೇ ಗೆಳೆಯರಾಗಿ, ಜೀವನಪೂರ್ತಿ ಜತೆಯಾಗಿ ನುಡಿಸುತ್ತೇವೆಂದು ಮಾತು ಕೊಟ್ಟುಕೊಂಡವರು. ಗಿಟಾರ್ ವಾದಕ ಡೇವ್ ಆಲಿಸನ್ ಮತ್ತು ಬೇಸ್ ವಾದಕ ಇಯಾನ್ ಡಿಕ್ಸನ್ ಅವರೊಂದಿಗೆ 1978ರಲ್ಲಿ ಬ್ಯಾಂಡ್ ಕಟ್ಟಿದಾಗ ಅದರ ಹೆಸರೂ ‘ಲಿಪ್ಸ್’ ಎಂದೇ ಇತ್ತು. ಮೊದಲ ಆಲ್ಬಮ್ಮನ್ನು ತಾವೇ ಹಣ ಹಾಕಿ ಅಚ್ಚು ಹಾಕಿಸಿದರು. ಟೊರಾಂಟೋದ ಆಟಿಕ್ ರೆಕಾರ್ಡ್ಸ್ ಕಂಪನಿ ಕೈಹಿಡಿದ ಮೇಲೆ ಬ್ಯಾಂಡಿನ ಹೆಸರು ಅನ್ವಿಲ್ ಆಗಿ, ಅದೇ ಆಲ್ಬಂ 1981ರಲ್ಲಿ ‘ಹಾರ್ಡ್ ಎನ್ ಹೆವಿ’ ಎಂದು ಮಾರುಕಟ್ಟೆಗೆ ಬಂದಿತು. 1982ರಲ್ಲಿ ‘ಮೆಟಲ್ ಆನ್ ಮೆಟಲ್’, 1983ರಲ್ಲಿ ‘ಫೋರ್ಜ್ಡ್ ಇನ್ ಫೈರ್’ ಬಂದವು. ಈ ಎರಡೇ ಆಲ್ಬಮ್ಮುಗಳು ಅವರ ಹೆಸರನ್ನು ಇಂದಿಗೂ ಉಳಿಸಿರುವುದು.

ವೇದಿಕೆಯ ಮೇಲೆ ಲಿಪ್ಸ್ ಮೈಗೆ ಚರ್ಮದ ಪಟ್ಟಿಗಳನ್ನು ಬಿಗಿದುಕೊಂಡು, ಲೈಂಗಿಕ ಆಟಿಕೆಯೊಂದರಿಂದ ಗಿಟಾರ್ ನುಡಿಸುತ್ತಿದ್ದರು. ರಾಬ್ ಎರಡೂ ಕಾಲುಗಳಿಂದ ಎರಡು ಬೇಸ್ ಡ್ರಮ್ಮುಗಳನ್ನು ಬಾರಿಸುವ ವೇಗ ಅಂದಿನ ಕಾಲಕ್ಕೆ ಹೊಸದು. ಮೆಟಾಲಿಕಾ ಬ್ಯಾಂಡಿನ ಲಾರ್ಸ್ ಉಲ್ರಿಚ್, ಆಂಥ್ರಾಕ್ಸ್ ಬ್ಯಾಂಡಿನ ಸ್ಕಾಟ್ ಇಯಾನ್, ಸ್ಲೇಯರ್ ಬ್ಯಾಂಡಿನ ಟಾಮ್ ಅರಾಯಾ, ಗನ್ಸ್ ಎನ್ ರೋಸಸ್ ಖ್ಯಾತಿಯ ಸ್ಲ್ಯಾಶ್, ಮೋಟರ್‌ಹೆಡ್ ಬ್ಯಾಂಡಿನ ಲೆಮ್ಮಿ ಇವರೆಲ್ಲ ಚಿತ್ರದ ಆರಂಭದಲ್ಲೇ ಬಂದು ಅನ್ವಿಲ್ ಬಗ್ಗೆ ಗೌರವದಿಂದ ಮಾತನಾಡುತ್ತಾರೆ. ಇಷ್ಟು ಮಂದಿ ಸಿರಿವಂತರು ಹೊಗಳುವ ಮನುಷ್ಯ ಮುಂದಿನ ದೃಶ್ಯದಲ್ಲಿ ಹಿಮ ಸುರಿಯುವ ಟೊರಾಂಟೋದಲ್ಲಿ ವ್ಯಾನ್ ಓಡಿಸಿಕೊಂಡು ಶಾಲೆಗಳಿಗೆ ಊಟದ ಡಬ್ಬಿ ತಲುಪಿಸುತ್ತಿರುತ್ತಾರೆ.

## 1984ರ ಜಪಾನ್ ದೃಶ್ಯಕ್ಕೆ ಅಷ್ಟೊಂದು ಮಹತ್ವ ಏಕೆ?

ಆ ವರ್ಷ ಜಪಾನಿನಲ್ಲಿ ನಡೆದ ‘ಸೂಪರ್ ರಾಕ್’ ಉತ್ಸವದಲ್ಲಿ ಸ್ಕಾರ್ಪಿಯನ್ಸ್, ವೈಟ್‌ಸ್ನೇಕ್, ಬಾನ್ ಜೋವಿ ಮತ್ತು ಅನ್ವಿಲ್ ಒಂದೇ ವೇದಿಕೆಯಲ್ಲಿ ನುಡಿಸಿದವು. ಉಳಿದವರೆಲ್ಲ ಮುಂದೆ ಲಕ್ಷ ಲಕ್ಷ ಆಲ್ಬಂ ಮಾರಿದರು, ಒಂದು ಬ್ಯಾಂಡ್ ಮಾತ್ರ ಹಿಂದುಳಿಯಿತು ಎಂದು ಚಿತ್ರ ಆರಂಭವಾಗುತ್ತದೆ. ಚಿತ್ರ ಹೇಳದ ಒಂದು ಅಂಶವನ್ನು ನಾನು ಸೇರಿಸುತ್ತೇನೆ: ಆ ದಿನ ಬಾನ್ ಜೋವಿ ಬ್ಯಾಂಡಿನ ಹೆಸರಿನಲ್ಲಿ ಇದ್ದದ್ದು ಒಂದೇ ಆಲ್ಬಂ, ಅದೂ ಅದೇ ವರ್ಷದ್ದು, ಅನ್ವಿಲ್ ಬಳಿ ಮೂರಿದ್ದವು. ಬಾನ್ ಜೋವಿಯನ್ನು ಮನೆಮಾತಾಗಿಸಿದ ಆಲ್ಬಂ ಬರಲು ಇನ್ನೂ ಎರಡು ವರ್ಷ ಇತ್ತು. ಅಂದರೆ ಆ ವೇದಿಕೆಯ ಮೇಲೆ ನಿಂತು ಮುಂದೆ ನೋಡಿದವರಿಗೆ ಯಾರು ಮೇಲೇರುತ್ತಾರೆ, ಯಾರು ಡಬ್ಬಿ ಹೊರುತ್ತಾರೆ ಎಂದು ಊಹಿಸಲು ಯಾವ ಸುಳಿವೂ ಇರಲಿಲ್ಲ.

## ಹಾಗಾದರೆ ಅನ್ವಿಲ್ ಏಕೆ ಪ್ರಸಿದ್ಧವಾಗಲಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಚಿತ್ರ ಇದಕ್ಕೆ ನೇರವಾದ ಉತ್ತರ ಕೊಡುವುದಿಲ್ಲ. ಒಳ್ಳೆಯ ಮ್ಯಾನೇಜ್‌ಮೆಂಟ್ ಸಿಗಲಿಲ್ಲ ಎಂಬುದು ಲಿಪ್ಸ್ ಅವರ ಉತ್ತರ. ಅದೃಷ್ಟ ಖೊಟ್ಟಿ ಎಂದು ಹಣೆಬರಹದ ಮೇಲೆ ಹೊರಿಸುವುದು ನೋಡುವವರಿಗೆ ಸುಲಭ. ನನಗೆ ಎರಡೂ ಸಾಲವು.

ಮೊದಲು ತಾರೀಖುಗಳನ್ನು ನೋಡಿ. 1983ರ ‘ಫೋರ್ಜ್ಡ್ ಇನ್ ಫೈರ್’ ಆದ ಮೇಲೆ ಅನ್ವಿಲ್‌ನ ಮುಂದಿನ ಹೊಸ ಸ್ಟುಡಿಯೋ ಆಲ್ಬಂ ಬಂದದ್ದು 1987ರಲ್ಲಿ, ‘ಸ್ಟ್ರೆಂಗ್ತ್ ಆಫ್ ಸ್ಟೀಲ್’ ಎಂಬ ಹೆಸರಿನಲ್ಲಿ. ನಡುವಿನ ನಾಲ್ಕು ವರ್ಷ ದೊಡ್ಡ ಅಮೆರಿಕನ್ ಕಂಪನಿಯ ಒಪ್ಪಂದವೊಂದು ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುವುದರಲ್ಲಿ ಕಳೆಯಿತು. ಮೆಟಾಲಿಕಾದ ಮೊದಲ ಆಲ್ಬಂ ಬಂದದ್ದು 1983ರಲ್ಲಿ. ಅವರ ‘ಮಾಸ್ಟರ್ ಆಫ್ ಪಪೆಟ್ಸ್’ ಮತ್ತು ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಎರಡೂ ಬಂದದ್ದು 1986ರಲ್ಲಿ. ವೇಗದ ಮೆಟಲ್ ಸಂಗೀತಕ್ಕೆ ಕೇಳುಗರು ಹುಟ್ಟಿ, ಬೆಳೆದು, ತಮ್ಮ ನಾಯಕರನ್ನು ಆರಿಸಿಕೊಂಡದ್ದು ಸರಿಯಾಗಿ ಆ ನಾಲ್ಕು ವರ್ಷಗಳಲ್ಲೇ. ಗದ್ದೆ ಉತ್ತು ಬೀಜ ಚೆಲ್ಲಿದವರು ಕೊಯ್ಲಿನ ಕಾಲಕ್ಕೆ ಊರಲ್ಲೇ ಇರಲಿಲ್ಲ ಎಂಬಂತಾಯಿತು. 1991ರ ಸೆಪ್ಟೆಂಬರಿನಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಬಂದು ಗ್ರಂಜ್ ಎಂಬ ಬೇರೊಂದು ಬಗೆಯ ರಾಕ್ ಸಂಗೀತದ ಅಲೆ ಎದ್ದ ಬಳಿಕವಂತೂ ಹಳೆಯ ಮೆಟಲ್ ಬ್ಯಾಂಡುಗಳನ್ನು ಕಂಪನಿಗಳು ಸಾಲುಸಾಲಾಗಿ ಕೈಬಿಟ್ಟವು.

ಎರಡನೆಯದು ಹಣದ ಲೆಕ್ಕ. ಆ ಕಾಲದಲ್ಲಿ ರೆಕಾರ್ಡ್ ಕಂಪನಿ ಬ್ಯಾಂಡಿಗೆ ಮುಂಗಡ ಕೊಡುತ್ತಿತ್ತು. ಅದು ಸಂಬಳವಲ್ಲ, ಮುಂದೆ ಬರಲಿರುವ ಗೌರವಧನದ (ರಾಯಲ್ಟಿಯ) ಮೇಲಿನ ಸಾಲ. ಸ್ಟುಡಿಯೋ ಬಾಡಿಗೆ, ಹಲವೊಮ್ಮೆ ವಿಡಿಯೋ ಮತ್ತು ಪ್ರಚಾರದ ಖರ್ಚಿನ ಪಾಲು ಕೂಡ ಬ್ಯಾಂಡಿನ ಪಾಲಿನಿಂದಲೇ ಕಡಿತವಾಗುತ್ತಿದ್ದವು. ಹಾಗಾಗಿ ಸಾಧಾರಣವಾಗಿ ಮಾರಾಟವಾದ ಆಲ್ಬಂ ಕಂಪನಿಗೆ ಲಾಭ ತಂದರೂ ಬ್ಯಾಂಡಿನ ಖಾತೆ ಸಾಲದಲ್ಲೇ ಉಳಿಯುವುದು ಸಾಮಾನ್ಯವಾಗಿತ್ತು. ದೊಡ್ಡ ಕಂಪನಿಯಾದರೆ ಆ ಸಾಲದ ಜತೆ ರೇಡಿಯೋ, ಟಿವಿ, ದೊಡ್ಡ ಬ್ಯಾಂಡುಗಳ ಕಛೇರಿಗೆ ಮುನ್ನ ನುಡಿಸುವ ಅವಕಾಶ ಇವೂ ಸಿಗುತ್ತಿದ್ದವು. ಕೆನಡಾದ ಸಣ್ಣ ಕಂಪನಿಯ ಕೈ ಅಷ್ಟು ಉದ್ದ ಚಾಚುತ್ತಿರಲಿಲ್ಲ. ಹೊಸ ಬ್ಯಾಂಡುಗಳು ಒಂದನ್ನೊಂದು ನೋಡಿ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಟೊರಾಂಟೋ ಅಲ್ಲಿಂದ ಬಲು ದೂರ.

ಮೂರನೆಯ ಕಾರಣವನ್ನು ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಅನ್ವಿಲ್‌ನ ಸಂಗೀತ ತನ್ನ ಕಾಲಕ್ಕಿಂತ ಮುಂದಿತ್ತು, ಸಾಹಿತ್ಯ ಮಾತ್ರ ಹಿಂದಿತ್ತು. ಥ್ರಾಶ್ ಕೇಳುಗರು ಯುದ್ಧ, ಸಾವು, ವ್ಯಸನಗಳ ಬಗ್ಗೆ ಗಂಭೀರವಾದ ಹಾಡುಗಳನ್ನು ಬಯಸುತ್ತಿದ್ದಾಗ ಲಿಪ್ಸ್ ಪಡ್ಡೆ ಹುಡುಗರ ಪೋಲಿ ತಮಾಷೆಗಳನ್ನು ಹಾಡುತ್ತಿದ್ದರು. ಚೆಂದದ ಮುಖ, ಮಧುರ ರಾಗಗಳನ್ನು ಬಯಸಿದವರಿಗೆ ಅವರ ಸದ್ದು ಒರಟೆನಿಸಿತು. ಎರಡು ಸಂತೆಗಳ ನಡುವೆ ಅಂಗಡಿ ಹಾಕಿದಂತಾಗಿತ್ತು.

## ನಿರ್ದೇಶಕರು ಬ್ಯಾಂಡಿನ ಗೆಳೆಯರಂತೆ. ಚಿತ್ರವನ್ನು ನಂಬಬಹುದೇ?

ಗೆಳೆಯರೆಂಬುದು ನಿಜ. 1982ರಲ್ಲಿ ಅನ್ವಿಲ್ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ನುಡಿಸಿದಾಗ ಹದಿಹರೆಯದ ಗೆರ್ವಾಸಿ ಅವರನ್ನು ಹುಡುಕಿಕೊಂಡು ಹೋಗಿ, ಊರು ತೋರಿಸಿ, ಪರಿಚಯ ಬೆಳೆಸಿದರು. ಬಳಿಕ ಶಾಲಾ ರಜೆಯಲ್ಲಿ ಅವರ ಪ್ರವಾಸಗಳಿಗೆ ಹೋಗಿ ವಾದ್ಯಗಳನ್ನು ಹೊತ್ತರು. ರಾಬ್ ಅವರಿಂದ ಡ್ರಮ್ ಪಾಠವನ್ನೂ ಹೇಳಿಸಿಕೊಂಡರು. ಬ್ಯಾಂಡಿನವರು ಈ ಇಂಗ್ಲಿಷ್ ಹುಡುಗನಿಗೆ ‘ಟೀ ಬ್ಯಾಗ್’ ಎಂದು ಅಡ್ಡಹೆಸರಿಟ್ಟಿದ್ದರು. ಆಮೇಲೆ ಬಹುಕಾಲ ಸಂಪರ್ಕ ತಪ್ಪಿ, 2005ರಲ್ಲಿ ಗೆರ್ವಾಸಿ ಮತ್ತೆ ಪತ್ರ ಬರೆದು ಲಿಪ್ಸ್ ಅವರನ್ನು ಭೇಟಿಯಾದರು. ಅವರ ಉತ್ಸಾಹ ಎಳ್ಳಷ್ಟೂ ಬತ್ತಿರಲಿಲ್ಲ. ಗೆರ್ವಾಸಿ ತಮ್ಮ ಕೈಯಿಂದಲೇ ಹಣ ಹಾಕಿ ಚಿತ್ರೀಕರಣ ಆರಂಭಿಸಿದರು.

ಹೀಗಾಗಿ ಇದು ಪತ್ರಕರ್ತನ ಚಿತ್ರವಲ್ಲ. ಆದರೆ ಹೊರಗಿನವರ ಕ್ಯಾಮೆರಾ ಆಗಿದ್ದರೆ ರಾಬ್ ಅಷ್ಟು ಸಿಟ್ಟಾಗುತ್ತಲೂ ಇರಲಿಲ್ಲ, ಲಿಪ್ಸ್ ಅಷ್ಟು ಅಳುತ್ತಲೂ ಇರಲಿಲ್ಲ. ಪಕ್ಷಪಾತಕ್ಕೆ ತೆತ್ತ ಬೆಲೆಗಿಂತ ಅದರಿಂದ ದಕ್ಕಿದ ಸಲುಗೆ ದೊಡ್ಡದು. ಪಕ್ಷಪಾತ ಎಲ್ಲಿ ಕಾಣುತ್ತದೆ ಎಂಬುದನ್ನು ಮುಂದಿನ ಪ್ರಶ್ನೆಯೊಂದರಲ್ಲಿ ಹೇಳಿದ್ದೇನೆ.

## ಯುರೋಪ್ ಪ್ರವಾಸ ಅಷ್ಟು ಹದಗೆಟ್ಟದ್ದು ಹೇಗೆ?

ಯುರೋಪಿನಲ್ಲಿದ್ದ ಒಬ್ಬ ಮಹಿಳಾ ಅಭಿಮಾನಿ ಪ್ರವಾಸ ಏರ್ಪಡಿಸುತ್ತೇನೆಂದು ಮುಂದೆ ಬಂದರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ, ಅನುಭವಕ್ಕೆ ಇತ್ತು. ಮೊದಲು ಸ್ವೀಡನ್ ರಾಕ್ ಉತ್ಸವ. ಅಲ್ಲಿ ಲಿಪ್ಸ್ ತಮ್ಮ ಆರಾಧ್ಯ ಸಂಗೀತಗಾರರನ್ನು ಕಂಡಕಂಡಲ್ಲಿ ಓಡಿಹೋಗಿ ಮಾತನಾಡಿಸುತ್ತಾರೆ, ಕೆಲವರಿಗೆ ಇವರ ಗುರುತೇ ಹತ್ತುವುದಿಲ್ಲ. ಆಮೇಲೆ ರೈಲು ತಪ್ಪುತ್ತದೆ, ನಿಲ್ದಾಣದಲ್ಲಿ ಮಲಗಬೇಕಾಗುತ್ತದೆ. ಪ್ರಾಗ್ ನಗರದಲ್ಲಿ ದಾರಿ ತಪ್ಪಿ ತಡವಾಗಿ ಕ್ಲಬ್ ತಲುಪಿದವರಿಗೆ ಮಾಲೀಕ ಹಣ ಕೊಡುವುದಿಲ್ಲ. ಲಿಪ್ಸ್ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುತ್ತಾರೆ. ಕೊನೆಗೆ ರುಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಒಂದು ಉತ್ಸವ. ಸಾವಿರಾರು ಜನ ಹಿಡಿಸುವ ಕ್ರೀಡಾಂಗಣಕ್ಕೆ ಬಂದವರು 174 ಜನ.

ಇಂಥ ಪ್ರವಾಸಗಳಲ್ಲಿ ಹಣ ಎರಡು ರೀತಿಯಲ್ಲಿ ಬರುತ್ತದೆ. ಒಂದು, ಜನ ಬರಲಿ ಬಿಡಲಿ ಕೊಡಲೇಬೇಕಾದ ಖಾತರಿ ಮೊತ್ತ. ಇನ್ನೊಂದು, ಬಾಗಿಲಲ್ಲಿ ಹರಿದ ಟಿಕೆಟ್ಟಿನ ಪಾಲು. ಹೆಸರಿಲ್ಲದ ಬ್ಯಾಂಡಿಗೆ ಖಾತರಿ ಸಿಗುವುದು ಕಡಿಮೆ, ಸಿಕ್ಕರೂ ಬರಹದಲ್ಲಿ ಇರುವುದಿಲ್ಲ. ನಮ್ಮ ಹಳೆಯ ನಾಟಕ ಕಂಪನಿಗಳ ಕಥೆ ಕೇಳಿದವರಿಗೆ ಇದು ಹೊಸದೆನಿಸದು: ಕ್ಯಾಂಪಿನಿಂದ ಕ್ಯಾಂಪಿಗೆ ಸಾಮಾನು ಸಾಗಿಸುವ ಖರ್ಚೇ ಕಲೆಕ್ಷನ್ನನ್ನು ನುಂಗಿ, ಕಲಾವಿದರು ಸಂಬಳವಿಲ್ಲದೆ ಬಣ್ಣ ಹಚ್ಚಿಕೊಂಡ ರಾತ್ರಿಗಳು ಅಲ್ಲೂ ಇದ್ದವು. ಐದು ವಾರ ಸುತ್ತಿ ಬರಿಗೈಯಲ್ಲಿ ಮರಳಿದ ಲಿಪ್ಸ್, ಎಲ್ಲವೂ ಹಾಳಾಯಿತು, ಆದರೆ ಹಾಳಾಗುವುದಕ್ಕೆ ಪ್ರವಾಸ ಎಂಬುದೊಂದಾದರೂ ಇತ್ತಲ್ಲ ಎಂಬ ಅರ್ಥದ ಮಾತಾಡುತ್ತಾರೆ. ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವ ಮಾತು ಅದು. ಅಂದ ಹಾಗೆ, ಪ್ರವಾಸ ಏರ್ಪಡಿಸಿದ ಆ ಮಹಿಳೆ ಆಗಿನ ಗಿಟಾರ್ ವಾದಕರನ್ನು ಮದುವೆಯಾದರು. ಮದುವೆಯ ದೃಶ್ಯವೂ ಚಿತ್ರದಲ್ಲಿದೆ. ಪ್ರವಾಸದಿಂದ ಯಾರಿಗೂ ಏನೂ ದಕ್ಕಲಿಲ್ಲ ಎನ್ನುವಂತಿಲ್ಲ.

## ಹದಿಮೂರನೆಯ ಆಲ್ಬಮ್ಮಿಗೆ ಹಣ ಎಲ್ಲಿಂದ ಬಂತು?

ಮನೆಯಿಂದ. ‘ಮೆಟಲ್ ಆನ್ ಮೆಟಲ್’ ಮತ್ತು ‘ಫೋರ್ಜ್ಡ್ ಇನ್ ಫೈರ್’ ಎರಡಕ್ಕೂ ನಿರ್ಮಾಪಕರಾಗಿದ್ದವರು ಕ್ರಿಸ್ ಸಾಂಗರೈಡಿಸ್. ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ‘ಪೇನ್‌ಕಿಲ್ಲರ್’ (1990) ಆಲ್ಬಮ್ಮಿನ ಹಿಂದೆಯೂ ಅವರಿದ್ದರು. ತಮ್ಮ ನಂತರದ ಆಲ್ಬಮ್ಮುಗಳಿಗೆ ಒಳ್ಳೆಯ ಸದ್ದು ಸಿಗದಿದ್ದುದೇ ಸೋಲಿಗೆ ಕಾರಣ, ಮತ್ತೆ ಅದೇ ಕೈಯಿಂದ ಆಲ್ಬಂ ಮಾಡಿಸಿದರೆ ದಾರಿ ತೆರೆದೀತು ಎಂದು ಲಿಪ್ಸ್ ನಂಬಿದ್ದರು. ಹಣ ಹೊಂದಿಸಲು ಅವರು ಫೋನಿನಲ್ಲಿ ತಂಪು ಕನ್ನಡಕ ಮಾರುವ ಕೆಲಸಕ್ಕೂ ಹೋದರು. ಎದುರಿನವರು ಬೇಡವೆಂದರೆ ಒತ್ತಾಯ ಮಾಡುವ ಸ್ವಭಾವ ಅವರದಲ್ಲ, ಕೆಲಸ ಕೈಗೂಡಲಿಲ್ಲ. ಕಡೆಗೆ ಅಕ್ಕರೆಯ ಸಹೋದರಿಯೇ ಸಾಲ ಕೊಟ್ಟರು. ಇಂಗ್ಲೆಂಡಿನ ಡೋವರ್ ಬಳಿಯ ಸ್ಟುಡಿಯೋದಲ್ಲಿ ‘ದಿಸ್ ಈಸ್ ಥರ್ಟೀನ್’ ಸಿದ್ಧವಾಯಿತು. ಆಮೇಲೆ ಲಿಪ್ಸ್ ಆ ಸಿ.ಡಿ. ಹಿಡಿದು ಕಂಪನಿಗಳ ಬಾಗಿಲು ತಟ್ಟುತ್ತಾರೆ. ಎಲ್ಲೂ ಗಿಟ್ಟದೆ, ಮೊದಲ ಆಲ್ಬಮ್ಮಿಗೆ ಮಾಡಿದಂತೆಯೇ ತಾವೇ ಹೊರತರುತ್ತಾರೆ.

## ಸ್ಟುಡಿಯೋದಲ್ಲಿ ನಡೆಯುವ ಜಗಳ ನಟನೆಯೇ?

ಹಾಗೆ ನನಗೆ ಅನಿಸುವುದಿಲ್ಲ. ಧ್ವನಿಮುದ್ರಣದ ಒತ್ತಡದಲ್ಲಿ ಲಿಪ್ಸ್ ಮತ್ತು ರಾಬ್ ಕಚ್ಚಾಡುತ್ತಾರೆ. ಬ್ಯಾಂಡನ್ನೇ ಬಿಟ್ಟು ಹೋಗುವ ಮಾತೂ ಬರುತ್ತದೆ. ಆಮೇಲೆ ಲಿಪ್ಸ್ ಅಳುತ್ತ ಕ್ಷಮೆ ಕೇಳುವ ರೀತಿ ಗಮನಿಸಿ: ನಿನ್ನ ಮೇಲಲ್ಲದೆ ಬೇರೆ ಯಾರ ಮೇಲೆ ನಾನು ಸಿಟ್ಟು ತೀರಿಸಿಕೊಳ್ಳಲಿ ಎಂಬುದು ಅವರ ವಾದದ ತಿರುಳು. ನಲವತ್ತು ವರ್ಷ ಸಂಸಾರ ಮಾಡಿದ ದಂಪತಿಗಳು ಈ ದೃಶ್ಯವನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಕಂಡಿದ್ದೇನೆ.

## ಮನೆಯವರು ಏನೆನ್ನುತ್ತಾರೆ?

ಚಿತ್ರದ ಬಲವಾದ ಭಾಗ ಇದು, ಆದರೂ ಅದರ ಬಗ್ಗೆ ಮಾತು ಕಡಿಮೆ. ಮೂವತ್ತು ವರ್ಷ ಈ ಕನಸಿನ ಖರ್ಚನ್ನು ಹೊತ್ತವರು ಹೆಂಡಂದಿರು, ಸಹೋದರ ಸಹೋದರಿಯರು. ಅವರಲ್ಲಿ ಒಬ್ಬರು ಇನ್ನು ಸಾಕೆಂದು ಖಡಾಖಂಡಿತವಾಗಿ ಹೇಳುತ್ತಾರೆ, ಇನ್ನೊಬ್ಬರು ಕಣ್ಣೊರೆಸಿಕೊಂಡು ಹಣ ಕೊಡುತ್ತಾರೆ. ರಾಬ್ ಅವರ ತಂದೆ ಆಶ್ವಿಟ್ಜ್ ನಾತ್ಸಿ ಶಿಬಿರದಿಂದ ಬದುಕುಳಿದು ಬಂದವರು. ಮಗ ಡ್ರಮ್ ನುಡಿಸುತ್ತೇನೆಂದಾಗ ಅವರು ತಡೆಯಲಿಲ್ಲ, ಬೆನ್ನು ತಟ್ಟಿದರು ಎಂದು ರಾಬ್ ನೆನೆಯುತ್ತಾರೆ. ರಾಬ್ ಚಿತ್ರಕಾರರೂ ಹೌದು. ಖಾಲಿ ಬೀದಿ, ಒಂಟಿ ಕಟ್ಟಡಗಳ ಅವರ ವರ್ಣಚಿತ್ರಗಳು ಸ್ವಲ್ಪ ಹೊತ್ತು ತೆರೆಯ ಮೇಲೆ ಬಂದುಹೋಗುತ್ತವೆ. ಅವುಗಳ ಮೇಲೆ ಕ್ಯಾಮೆರಾ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.

## ಕೊನೆಯಲ್ಲಿ ಏನಾಗುತ್ತದೆ?

ಜಪಾನಿನಿಂದ ಕರೆ ಬರುತ್ತದೆ. 2006ರ ಅಕ್ಟೋಬರಿನಲ್ಲಿ ಟೋಕಿಯೋ ಬಳಿಯ ಚಿಬಾದ ಮಕುಹಾರಿ ಮೆಸ್ಸೆಯಲ್ಲಿ ನಡೆದ ‘ಲೌಡ್ ಪಾರ್ಕ್’ ಉತ್ಸವ. ಸಿಕ್ಕ ಸಮಯ ಬೆಳಗ್ಗೆ 11.35. ಮೆಟಲ್ ಕೇಳುವವರು ಅಷ್ಟು ಬೇಗ ಎದ್ದು ಬರುತ್ತಾರೆಯೇ ಎಂದು ಇಬ್ಬರೂ ಹೆದರಿರುತ್ತಾರೆ. ಟ್ರಾನ್ಸಿಲ್ವೇನಿಯಾದ 174 ಜನರನ್ನು ಅವರೂ ಮರೆತಿಲ್ಲ, ನಾವೂ ಮರೆತಿಲ್ಲ. ತೆರೆಮರೆಯ ಓಣಿಯಿಂದ ನಡೆದು ವೇದಿಕೆಗೆ ಬಂದರೆ ಸಭಾಂಗಣ ತುಂಬಿದೆ. ಇದು ಆಕಸ್ಮಿಕವೂ ಅಲ್ಲ. ಪಶ್ಚಿಮದಲ್ಲಿ ಮೆಟಲ್ ಸಂಗೀತದ ಬೆಲೆ ಇಳಿದ ವರ್ಷಗಳಲ್ಲೂ ಜಪಾನಿನ ಕೇಳುಗರು ಅದನ್ನು ಕೈಬಿಟ್ಟಿರಲಿಲ್ಲ. 1984ರಲ್ಲಿ ಆರಂಭವಾದ ‘ಬರ್ನ್’ ಎಂಬ ಮೆಟಲ್ ಮಾಸಪತ್ರಿಕೆ ಅಲ್ಲಿ ದಶಕಗಳ ಕಾಲ ನಡೆದಿದೆ. ಇಪ್ಪತ್ತೆರಡು ವರ್ಷ ಹಿಂದಿನ ‘ಸೂಪರ್ ರಾಕ್’ ನೆನಪು ಅಲ್ಲಿ ಇನ್ನೂ ಹಸಿರಾಗಿತ್ತು.

## ಚಿತ್ರ ಬಂದ ಮೇಲೆ ಅವರಿಗೆ ಖ್ಯಾತಿ ಸಿಕ್ಕಿತೇ?

ಸಿಕ್ಕಿತು, ವಿಚಿತ್ರವಾದ ರೀತಿಯಲ್ಲಿ. 2009ರಲ್ಲಿ ಅಮೆರಿಕದಲ್ಲಿ ಎಸಿ/ಡಿಸಿ ಬ್ಯಾಂಡಿನ ಕೆಲವು ಕಛೇರಿಗಳಿಗೆ ಮುನ್ನ ನುಡಿಸುವ ಅವಕಾಶ ಬಂತು. ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿದರು. ‘ದಿಸ್ ಈಸ್ ಥರ್ಟೀನ್’ ಆಲ್ಬಂ ಈ ಸಲ ಕಂಪನಿಯ ಮೂಲಕವೇ ಮತ್ತೆ ಹೊರಬಂತು. ಚಿತ್ರಕ್ಕೆ 2010ರಲ್ಲಿ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಅತ್ಯುತ್ತಮ ಸಾಕ್ಷ್ಯಚಿತ್ರ ವಿಭಾಗದಲ್ಲಿ ಬಂದಿತು. ಆಸ್ಕರ್ ನಾಮನಿರ್ದೇಶನ ದೊರೆಯಲಿಲ್ಲ. ಬ್ಯಾಂಡ್ ಅಂದಿನಿಂದ ನಿಲ್ಲದೆ ಆಲ್ಬಂ ತರುತ್ತಿದೆ: 2011ರ ‘ಜಗರ್‌ನಾಟ್ ಆಫ್ ಜಸ್ಟಿಸ್’ನಿಂದ 2024ರ ‘ಒನ್ ಅಂಡ್ ಓನ್ಲಿ’ವರೆಗೆ. ಚಿತ್ರದಲ್ಲಿ ಕಾಣುವ ಗಿಟಾರ್ ಮತ್ತು ಬೇಸ್ ವಾದಕರಿಬ್ಬರೂ ಆಮೇಲೆ ಬ್ಯಾಂಡ್ ಬಿಟ್ಟರು. ನಿರ್ಮಾಪಕ ಸಾಂಗರೈಡಿಸ್ 2018ರಲ್ಲಿ ತೀರಿಕೊಂಡರು.

ಆದರೆ ಒಂದನ್ನು ಒಪ್ಪಲೇಬೇಕು. ಅನ್ವಿಲ್‌ಗೆ ಖ್ಯಾತಿ ತಂದದ್ದು ಅವರ ಹಾಡುಗಳಲ್ಲ, ಖ್ಯಾತಿ ಸಿಗದಿದ್ದ ಕಥೆ. ಲಿಪ್ಸ್ ಹೆಸರು ಹೇಳುವವರಲ್ಲಿ ಹೆಚ್ಚಿನವರು ಅವರ ಎರಡನೆಯ ಹಾಡಿನ ಹೆಸರು ಹೇಳಲಾರರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಮಾತು ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ: ಇವರ ಹಲ್ಲು ಗಟ್ಟಿಯಾಗಿಯೇ ಇತ್ತು, ಸಿಕ್ಕಿದ್ದು ಮಾತ್ರ ತಾವು ಬೇಡಿದ ಕಡಲೆಯಾಗಿರಲಿಲ್ಲ. ಅವರಿಗೆ ಇದರ ಬಗ್ಗೆ ಬೇಸರವಿದ್ದಂತೆ ತೋರುವುದಿಲ್ಲ. ಬೇಸರ ನನ್ನಂಥ ಕೇಳುಗರದು.

## ಚಿತ್ರ ಹೇಳದೆ ಬಿಟ್ಟದ್ದೇನಾದರೂ ಇದೆಯೇ?

ಬಹಳಷ್ಟು ಇದೆ. 1984ರಿಂದ 2005ಕ್ಕೆ ಚಿತ್ರ ಒಂದೇ ನೆಗೆತದಲ್ಲಿ ಜಿಗಿಯುತ್ತದೆ. ಆ ನಡುವೆ ಅನ್ವಿಲ್ ಸುಮ್ಮನೆ ಕೂತಿರಲಿಲ್ಲ. ಒಂಬತ್ತು ಸ್ಟುಡಿಯೋ ಆಲ್ಬಂ ಹೊರಬಂದಿದ್ದವು, ಸಣ್ಣದಾದರೂ ನಿಷ್ಠಾವಂತ ಕೇಳುಗರ ಬಳಗ ಯುರೋಪಿನಲ್ಲಿ ಇತ್ತು. ಇದನ್ನು ತೋರಿಸಿದ್ದರೆ ‘ಮರೆತುಹೋದ ಬ್ಯಾಂಡ್’ ಎಂಬ ಚೌಕಟ್ಟು ಸಡಿಲವಾಗುತ್ತಿತ್ತು. ಆರಂಭದ ನಾಲ್ವರಲ್ಲಿ ಇಬ್ಬರಾದ ಡೇವ್ ಆಲಿಸನ್ ಮತ್ತು ಇಯಾನ್ ಡಿಕ್ಸನ್ ಅವರ ಪಾಲಿನ ಕಥೆಗೂ ಇಲ್ಲಿ ಜಾಗವಿಲ್ಲ. ಗೆಳೆತನದ ಪಕ್ಷಪಾತ ಎಂದು ನಾನು ಮೇಲೆ ಹೇಳಿದ್ದು ಇದನ್ನೇ. ಬಿಟ್ಟುಹೋದವರಿಗೂ ಕನಸೊಂದು ಇದ್ದಿರಬೇಕು, ಬಿಟ್ಟುಹೋಗುವುದಕ್ಕೂ ಧೈರ್ಯ ಬೇಕು. ಉಳಿದವರನ್ನಷ್ಟೇ ತೋರಿಸುವ ಚಿತ್ರದಲ್ಲಿ ಅದು ಕಾಣಸಿಗದು.

## ಬೆಂಗಳೂರಿನ ಮೆಟಲ್ ಅಭಿಮಾನಿಗಳು ಇದನ್ನು ಅಷ್ಟೊಂದು ಹಚ್ಚಿಕೊಂಡಿರುವುದೇಕೆ?

ಈ ಚಿತ್ರ ಬಂದ ಕಾಲ ಬೆಂಗಳೂರಿನಲ್ಲಿ ಮೆಟಲ್ ಸಂಗೀತದ ದೊಡ್ಡ ದಿನಗಳ ಕಾಲವೂ ಆಗಿತ್ತು. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ಅರಮನೆ ಮೈದಾನದಲ್ಲಿ ಭಾರತದ ತನ್ನ ಮೊದಲ ಕಛೇರಿ ನಡೆಸಿತು; 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನಕ್ಕೆ ಬಂತು. ಮೈದಾನ ತುಂಬಿದ ಜನರಲ್ಲಿ ತಾವೇ ಗಿಟಾರ್ ಹಿಡಿದವರು ಬಹಳ ಮಂದಿ ಇದ್ದರು. ಮಾರನೆಯ ದಿನ ಅವರು ಹೋದದ್ದು ಆಫೀಸಿಗೆ. ಹಗಲು ಕೆಲಸ, ರಾತ್ರಿ ಅಭ್ಯಾಸ, ರಜೆ ಕೂಡಿಸಿಟ್ಟು ಪ್ರವಾಸ ಎಂಬ ಲಿಪ್ಸ್ ಅವರ ದಿನಚರಿ ಇಲ್ಲಿಯ ಬ್ಯಾಂಡುಗಳಿಗೆ ಮೊದಲಿನಿಂದಲೂ ಗೊತ್ತಿರುವ ಬದುಕು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಬ್ಯಾಂಡ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸುವ ಹೊತ್ತಿಗೆ ಹದಿನೈದು ವರ್ಷ ಸವೆಸಿತ್ತು. ಒಂದು ವ್ಯತ್ಯಾಸವುಂಟು: ಅನ್ವಿಲ್‌ಗೆ ಕೈಗೆಟುಕಿ ಜಾರಿದ ಖ್ಯಾತಿಯ ನೋವಿತ್ತು. ಇಲ್ಲಿಯವರಿಗೆ ಅಂಥ ಖ್ಯಾತಿ ಕೈಗೆಟುಕುವ ದೂರದಲ್ಲಿ ಎಂದೂ ಇರಲಿಲ್ಲವಾದ್ದರಿಂದ ಹಗಲಿನ ಕೆಲಸವನ್ನು ಅವಮಾನವೆಂದು ತಿಳಿದವರು ಕಡಿಮೆ.

## ಮಕ್ಕಳ ಜತೆ ಕೂತು ನೋಡಬಹುದೇ?

ಬೈಗುಳ ಧಾರಾಳವಾಗಿದೆ, ಮೇಲೆ ಹೇಳಿದ ಆಟಿಕೆಯೂ ಕಾಣಿಸಿಕೊಳ್ಳುತ್ತದೆ. ಹೈಸ್ಕೂಲು ದಾಟಿದವರ ಜತೆ ನೋಡಬಹುದು. ಪರೀಕ್ಷೆಯ ತಿಂಗಳಲ್ಲಿ ಬೇಡ.

## ಚಿತ್ರ ನೋಡಿದ ಮೇಲೆ ಯಾವ ಹಾಡಿನಿಂದ ಕೇಳಲು ಆರಂಭಿಸಬೇಕು?

ಆಲ್ಬಮ್ಮಿಗೇ ಹೆಸರು ಕೊಟ್ಟ ‘ಮೆಟಲ್ ಆನ್ ಮೆಟಲ್’ ಹಾಡನ್ನು ಮೊದಲು ಕೇಳಿ. ನಡಿಗೆಯ ಲಯದ, ಸಭೆಯೆಲ್ಲ ಒಟ್ಟಿಗೆ ಕೂಗಬಹುದಾದ ಹಾಡು. ಅದು ಹಿಡಿಸಿದರೆ ಅದೇ ಆಲ್ಬಮ್ಮಿನ ‘ಮಾರ್ಚ್ ಆಫ್ ದ ಕ್ರ್ಯಾಬ್ಸ್’ ಕೇಳಿ. ಅದರಲ್ಲಿ ಹಾಡುಗಾರಿಕೆಯಿಲ್ಲ, ಬರೀ ವಾದನ. ಗಿಟಾರನ್ನು ಮರೆತು ರಾಬ್ ಅವರ ಕಾಲುಗಳ ಕಡೆ ಕಿವಿಗೊಡಿ. 1982ರಲ್ಲಿ ಮುದ್ರಿತವಾದದ್ದು ಎಂಬುದನ್ನು ನೆನಪಿಟ್ಟುಕೊಂಡು, ಆಮೇಲೆ ಮುಂದಿನ ಐದು ವರ್ಷಗಳ ಯಾವುದೇ ಹೆಸರಾಂತ ಥ್ರಾಶ್ ಆಲ್ಬಂ ಹಾಕಿ ಕೇಳಿ. ಸ್ಪೀಕರ್ ಚೆನ್ನಾಗಿಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಆ ಕಾಲದ ಧ್ವನಿಮುದ್ರಣದಲ್ಲಿ ಬೇಸ್ ಡ್ರಮ್ಮಿನ ಸದ್ದು ತುಸು ಹಿಂದೆಯೇ ಉಳಿದಿದೆ.